ಬ್ಯಾಟರಿ ಬಾಡಿಗೆಗೆ ಕೊಟ್ಟ ಕಾರು

ಆ ವರ್ಷ ದೀಪಾವಳಿಗೆ ಹದಿನೈದು ದಿನ ಇರುವಾಗ ಚಿಕ್ಕಮಗಳೂರಿನ ನಮ್ಮ ಶೋರೂಮಿನ ಎಲೆಕ್ಟ್ರಿಕ್ ಕಾರಿನ ಬೆಲೆ ಒಮ್ಮೆಲೇ ಮೂರೂವರೆ ಲಕ್ಷ ಇಳಿಯಿತು. ಕಾರು ಹಿಂದಿನ ದಿನ ಇದ್ದದ್ದೇ. ಬಣ್ಣ, ಸೀಟು, ಚಕ್ರ ಯಾವುದೂ ಬದಲಾಗಿರಲಿಲ್ಲ. ಬ್ಯಾಟರಿಯನ್ನು ಬೆಲೆಯಿಂದ ಹೊರಗಿಟ್ಟಿದ್ದರು, ಅಷ್ಟೇ. ಕಾರು ಕೊಂಡವರದು, ಬ್ಯಾಟರಿ ಕಂಪನಿಯದು. ಓಡಿಸಿದ ಕಿಲೋಮೀಟರಿಗೆ ಇಷ್ಟು ಎಂದು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ ಹೋಗಬೇಕು. ಗಾಜಿನ ಮೇಲೆ ಹೊಸ ಬೆಲೆಯನ್ನು ಆಳೆತ್ತರದ ಅಂಕಿಗಳಲ್ಲಿ ಅಂಟಿಸಿದೆವು. ಒಮ್ಮೆ ಚಾರ್ಜ್ ಮಾಡಿದರೆ ನಾನ್ನೂರೈವತ್ತು ಕಿಲೋಮೀಟರ್ ಎಂಬುದನ್ನೂ ಅಂಟಿಸಿದೆವು. ಬಾಡಿಗೆಯ ವಿಷಯ ಕೆಳಗೆ ಒಂದು ನಕ್ಷತ್ರದ ಗುರುತಿನ ಪಕ್ಕ ಇತ್ತು.

ಆ ಯೋಜನೆಯ ತರಬೇತಿಗೆ ನನ್ನನ್ನು ಕಂಪನಿಯವರು ಎರಡು ದಿನ ಕರೆಸಿಕೊಂಡಿದ್ದರು. ಕರಾರು ಪತ್ರದಲ್ಲಿ ಒಂದು ಷರತ್ತಿತ್ತು. ಬ್ಯಾಟರಿ ಕಂಪನಿಯ ಆಸ್ತಿಯಾದ್ದರಿಂದ ಅದು ಎಲ್ಲಿದೆ, ಎಷ್ಟು ಓಡಿದೆ ಎಂಬ ವರದಿ ಮೊಬೈಲ್ ನೆಟ್‌ವರ್ಕಿನ ಮೂಲಕ ಕಂಪನಿಗೆ ತಲುಪುತ್ತಿರಬೇಕು. ನಿಗದಿಯಾದ ಅವಧಿಯೊಳಗೆ ತಲುಪದಿದ್ದರೆ ಬ್ಯಾಟರಿಯನ್ನು ನಿಲ್ಲಿಸುವ ಹಕ್ಕು ಕಂಪನಿಗಿದೆ. ಅವಧಿ ಆಗ ಮೂವತ್ತು ದಿನ. ಅದನ್ನು ಕಂಪನಿ ಬೇಕಾದಾಗ ಬದಲಿಸಬಹುದು ಎಂದೂ ಬರೆದಿತ್ತು. ತರಬೇತಿಗೆ ಬಂದಿದ್ದ ಒಬ್ಬರು, ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಏನು ಮಾಡಬೇಕು ಎಂದು ಕೇಳಿದರು. ಪಾಠ ಮಾಡುತ್ತಿದ್ದ ಹುಡುಗ ನಕ್ಕು, ಈ ಕಾಲದಲ್ಲಿ ಅಂಥ ಊರು ಯಾವುದಿದೆ ಹೇಳಿ ಎಂದ. ನನಗೆ ಕಳಸದ ಆಚೆಯ ಹತ್ತು ಊರುಗಳ ಹೆಸರು ಬಾಯಿಗೆ ಬಂದವು. ನಾನು ಹೇಳಲಿಲ್ಲ.

ರೈಟರು ಮತ್ತು ಅವರ ಹೆಂಡತಿ ನಮ್ಮಲ್ಲಿಗೆ ಬಂದದ್ದು ದೀಪಾವಳಿಯ ಮರುವಾರ. ರೈಟರು ಎಂದರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನೋಡಿಕೊಳ್ಳುವವರು. ಇವರು ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ಇಡೀ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಕಳಸದ ಆಚೆ, ಹೆಂಡತಿಯ ಊರಾದ ಸಂಸೆಯಲ್ಲಿ ಸ್ವಲ್ಪ ತೋಟ ಮಾಡಿಕೊಂಡು ಇದ್ದರು. ನನ್ನ ಅಪ್ಪ ಅದೇ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ. ನಾನು ಹುಟ್ಟಿದ್ದು ಅಲ್ಲಿ ಆಳುಗಳಿಗೆ ಕಟ್ಟಿಸಿದ್ದ ಲೈನ್ ಮನೆಯಲ್ಲಿ. ಚಿಕ್ಕಂದಿನಲ್ಲಿ ರೈಟರ ಆಫೀಸಿನ ಜಗಲಿಯ ಮೇಲೆ ಕೂತು ಅಪ್ಪನಿಗಾಗಿ ಕಾದವಳು ನಾನು. ಅವರು ನನ್ನ ಗುರುತು ಹಿಡಿಯಲಿಲ್ಲ. ನಾನೇ ಹೇಳಿದೆ.

"ಮೇಸ್ತ್ರಿ ಮಗಳಾ?" ಎಂದರು ಅವರು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ, ನಮ್ಮ ಮೇಸ್ತ್ರಿ ಮಗಳು ಇಲ್ಲಿದ್ದಾಳೆ. ಇನ್ನು ತಲೆಬಿಸಿ ಇಲ್ಲ" ಎಂದರು.

ಆಕೆ ಸಣಕಲು ದೇಹದ ಹೆಂಗಸು. ಸ್ವೆಟರಿನ ಎಡತೋಳನ್ನು ಮೇಲೆ ಸರಿಸಿದಾಗ ಮೊಳಕೈಯ ಕೆಳಗೆ ನರ ಹಗ್ಗದ ಹಾಗೆ ಊದಿಕೊಂಡಿರುವುದು ಕಂಡಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಚಿಕ್ಕಮಗಳೂರಿನಲ್ಲಿ ಡಯಾಲಿಸಿಸ್. ಹತ್ತಿರದಲ್ಲಿ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಹೋಗಿ ಬರುವುದೆಂದರೆ ಇನ್ನೂರು ಕಿಲೋಮೀಟರ್. ಬಸ್ಸಿನಲ್ಲಿ ಆಕೆಗೆ ಆಗುತ್ತಿರಲಿಲ್ಲ, ಜೀಪಿನ ಕುಲುಕಾಟಕ್ಕೆ ದಾರಿಯುದ್ದಕ್ಕೂ ವಾಂತಿ. ಟ್ಯಾಕ್ಸಿಗೆ ಕೊಟ್ಟು ಕೊಟ್ಟು ಸಾಕಾಗಿ, ಬ್ಯಾಟರಿ ಕಾರಾದರೆ ಹೇಗೆ ಎಂದು ನೋಡಲು ಬಂದಿದ್ದರು. ಇಂಥ ಓಡಾಟಕ್ಕೆ ಅದು ನಿಜಕ್ಕೂ ಸರಿಯಾದ ಕಾರು. ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ.

ಕೇಳಬೇಕಾದದ್ದನ್ನು ಕೇಳಿದವರು ಆಕೆ ಒಬ್ಬರೇ. "ಮಳೆಗಾಲದಲ್ಲಿ ನಮ್ಮಲ್ಲಿ ನಾಲ್ಕು ನಾಲ್ಕು ದಿನ ಕರೆಂಟ್ ಇರಲ್ಲ ಮಗಾ. ಟವರೂ ಹೋಗ್ತದೆ. ಆಗ ಈ ಕಾರು ಎಂತ ಮಾಡ್ತದೆ?"

"ಇಲ್ಲಿ ನಮ್ಮ ಶೋರೂಮಲ್ಲೇ ಫುಲ್ ಚಾರ್ಜ್ ಮಾಡ್ಕೊಂಡು ಹೋದ್ರೆ ಮನೆಗೂ ಹೋಗ್ಬಹುದು, ಮತ್ತೆ ಇಲ್ಲಿಗೂ ಬರ್ಬಹುದು ಅಮ್ಮ. ಮನೇಲಿ ಕರೆಂಟೇ ಬೇಡ" ಎಂದೆ. ಅದು ಸುಳ್ಳಲ್ಲ. ಟವರಿನ ಬಗ್ಗೆ ಕೇಳಿದ್ದಕ್ಕೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ಟೆಸ್ಟ್ ಡ್ರೈವಿಗೆ ಬಾಬಾಬುಡನ್‌ಗಿರಿಯ ರಸ್ತೆಯಲ್ಲಿ ಕೈಮರದವರೆಗೆ, ಅಲ್ಲಿಂದ ಇನ್ನಷ್ಟು ಮೇಲಕ್ಕೆ ಹೋದೆವು. ಏರು ಶುರುವಾದದ್ದೇ ತಡ, ಇನ್ನೆಷ್ಟು ಓಡುತ್ತದೆ ಎಂದು ತೋರಿಸುವ ಅಂಕಿ ಕಣ್ಣೆದುರೇ ಬೀಳತೊಡಗಿತು. ನಾಲ್ಕು ಕಿಲೋಮೀಟರ್ ಹತ್ತುವುದರೊಳಗೆ ಹದಿನೇಳು ಹೋಗಿತ್ತು. ಗುಡ್ಡದಲ್ಲಿ ಯಾವಾಗಲೂ ಹಾಗೆಯೇ. ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ. ಓಡಿಸುತ್ತಿದ್ದ ರೈಟರ ಪಕ್ಕದಿಂದ ನಾನು ಮುಂದಕ್ಕೆ ಬಾಗಿ, ದಾರಿ ತೋರಿಸುವ ನೆಪದಲ್ಲಿ ಪರದೆಯ ಮೇಲೆ ನಕ್ಷೆ ಹಾಕಿದೆ. ಅಂಕಿ ಅದರ ಹಿಂದೆ ಮರೆಯಾಯಿತು. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ನಾನೇ ಕಂಡುಕೊಂಡದ್ದು.

ಕರಾರಿಗೆ ಸಹಿ ಮಾಡುವುದು ಟ್ಯಾಬಿನ ಗಾಜಿನ ಮೇಲೆ, ಬೆರಳಿನಿಂದ. ನಲವತ್ತು ಪುಟಗಳಿದ್ದವು. ರೈಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡು ಪುಟ ಮೇಲೆ ಸರಿಸಿ ನೋಡಿ, "ಇದರಲ್ಲಿ ನಾನು ತಿಳ್ಕೊಳ್ಬೇಕಾದ್ದು ಏನಾದ್ರೂ ಉಂಟಾ?" ಎಂದು ಕೇಳಿದರು.

"ತಿಂಗಳಿಗೆ ಸರಿಯಾಗಿ ಬಾಡಿಗೆ ಕಟ್ಟಿದ್ರೆ ಆಯ್ತು ರೈಟ್ರೇ. ಕಾರು ಬೇಡ ಅಂದ್ರೆ ಕಂಪನಿನೇ ವಾಪಸ್ ತಗೊಳ್ಳುತ್ತೆ, ಆದ್ರೆ ಮೂರು ವರ್ಷ ಆಗೋ ತನಕ ಕೊಡೋ ಹಾಗಿಲ್ಲ. ಅಷ್ಟೇ."

"ಹಾಗಾದ್ರೆ ನಾನೆಂತ ಓದೋದು. ಮೇಸ್ತ್ರಿ ಮಗಳು ಹೇಳಿದ ಮೇಲೆ ಆಯ್ತು. ಎಲ್ಲಿ ಮಾಡ್ಬೇಕು ತೋರಿಸು."

ನಾನು ತೋರಿಸಿದಲ್ಲೆಲ್ಲ ಅವರು ಬೆರಳಿಟ್ಟು ಎಳೆದರು. ಆ ತಿಂಗಳು ನಾನು ಮಾರಬೇಕಾಗಿದ್ದ ಕಾರುಗಳ ಸಂಖ್ಯೆ ಅಲ್ಲಿಗೆ ಮುಟ್ಟಿತು.

ಮುಂದಿನ ಏಳು ತಿಂಗಳು ಏನೂ ಆಗಲಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ರೈಟರು ಕಾರನ್ನು ನಮ್ಮಲ್ಲಿ ಚಾರ್ಜಿಗೆ ಹಾಕುತ್ತಿದ್ದರು. ನಾಲ್ಕು ಗಂಟೆ ಕಾಯಬೇಕಲ್ಲ, ಗಿರಾಕಿಗಳಿಲ್ಲದಾಗ ನನ್ನ ಮೇಜಿನ ಎದುರು ಕೂತು ಮಾತಾಡುತ್ತಿದ್ದರು. ಆಕೆ ಹಿಂದಿನ ಸೀಟಿನಲ್ಲಿ ಮಲಗಿದರೆ ಕೊಟ್ಟಿಗೆಹಾರ ಬರುವ ತನಕ ಏಳುವುದಿಲ್ಲವಂತೆ. ವಾಂತಿ ನಿಂತಿದೆಯಂತೆ. ನನಗೆಂದು ಕಾಳುಮೆಣಸು ಕಳಿಸುತ್ತಿದ್ದರು, ಒಮ್ಮೆ ಹಲಸಿನ ಹಪ್ಪಳ. ಸಂಜೆ ಊರಿಗೆ ಹೊರಡುವಾಗ ಆಕೆ ಕಾರಿನ ಕಿಟಕಿ ಇಳಿಸಿ ನನ್ನನ್ನು ಕರೆದು ಎರಡು ಮಾತಾಡದೆ ಹೋಗುತ್ತಿರಲಿಲ್ಲ.

"ಸದ್ದೇ ಇಲ್ಲ ಮಾರಾಯ್ತಿ ಇದಕ್ಕೆ" ಎಂದು ಒಂದು ದಿನ ಹೇಳಿದರು. "ತೋಟದ ರಸ್ತೇಲಿ ಕಾಫಿ ಹಣ್ಣು ಕುಯ್ದು ಬರೋ ಹೆಂಗಸ್ರಿಗೆ ಹತ್ತಿರ ಬರೋ ತನಕ ಗೊತ್ತೇ ಆಗಲ್ಲ. ಮೊನ್ನೆ ಒಬ್ಬಳು ತಿರುಗಿ ನೋಡಿ ಹೆದರಿ ಚರಂಡಿಗೆ ಬಿದ್ಲು. ನನಗೆ ಎದೆ ಧಸಕ್ ಅಂತು."

ಜೂನ್ ಕೊನೆಗೆ ಮಳೆ ಹಿಡಿಯಿತು. ಆ ಸಲ ಬಿಡುವೇ ಕೊಡದ ಮಳೆ. ಸಂಸೆಯಲ್ಲಿ ಕಂಬಗಳು ಬಿದ್ದು ಕರೆಂಟ್ ಹೋಯಿತು, ಬೆನ್ನಿಗೇ ಟವರೂ ಸತ್ತಿತು. ರೈಟರಿಗೆ ಅದರಿಂದ ತೊಂದರೆಯಾಗಲಿಲ್ಲ. ನಮ್ಮಲ್ಲಿ ಚಾರ್ಜ್ ಮಾಡಿಕೊಂಡು ಹೋಗಿ ಅದರಲ್ಲೇ ವಾಪಸ್ ಬರುತ್ತಿದ್ದರು. ನಾನು ಹೇಳಿದಂತೆಯೇ ಕಾರು ನಡೆದುಕೊಂಡಿತ್ತು.

ಜುಲೈಯ ಒಂದು ಶನಿವಾರ ಸಂಜೆ ಕಂಪನಿಯಿಂದ ಎಲ್ಲ ಶೋರೂಮುಗಳಿಗೆ ಸುತ್ತೋಲೆ ಬಂತು. ಬೆಲೆ ಇಳಿಸಿದ ಮೇಲೆ ದೊಡ್ಡ ಊರುಗಳಲ್ಲಿ ಕೆಲವರು ಕಾರಿನ ಆಂಟೆನಾ ಕಿತ್ತು, ಓಡಿದ ಕಿಲೋಮೀಟರ್ ಕಂಪನಿಗೆ ಗೊತ್ತಾಗದಂತೆ ಮಾಡುತ್ತಿದ್ದರಂತೆ. ಆದ್ದರಿಂದ ಮೂವತ್ತು ದಿನದ ಅವಧಿಯನ್ನು ಎಪ್ಪತ್ತೆರಡು ಗಂಟೆಗೆ ಇಳಿಸಲಾಗಿದೆ, ಇಂದಿನಿಂದಲೇ ಜಾರಿ. ಕಾರುಗಳೊಳಗೆ ಹೊಸ ಲೆಕ್ಕವನ್ನು ನಿನ್ನೆಯೇ ಕಳಿಸಲಾಗಿದೆ, ಅವಧಿ ಮುಗಿದರೆ ಬ್ಯಾಟರಿ ತಾನಾಗಿಯೇ ನಿಲ್ಲುತ್ತದೆ. ಗ್ರಾಹಕರಿಗೆ ಅವರ ಮೊಬೈಲಿನ ಆ್ಯಪ್ ಮೂಲಕ ತಿಳಿಸಲಾಗಿದೆ ಎಂದು ಕೊನೆಯಲ್ಲಿ ಬರೆದಿತ್ತು.

ನಾವು ಮಾರಿದ ಕಾರುಗಳ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಒಂದೊಂದರ ಎದುರೂ ಹಸಿರು ಬೊಟ್ಟು. ರೈಟರ ಕಾರಿನ ಎದುರಿನ ಬೊಟ್ಟು ಹಳದಿಯಾಗಿತ್ತು. ಕೊನೆಯ ವರದಿ ಶುಕ್ರವಾರ ಸಂಜೆ ಆರೂ ಹತ್ತಕ್ಕೆ, ಕಳಸದ ಹತ್ತಿರ. ಎಪ್ಪತ್ತೆರಡು ಗಂಟೆ ಎಂದರೆ ಸೋಮವಾರ ಸಂಜೆ ಆರೂ ಹತ್ತು. ಮಂಗಳವಾರ ಬೆಳಿಗ್ಗೆ ಅವರು ಹೊರಡಬೇಕು. ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದರೂ ಅದೇ.

ಭಾನುವಾರ ಅಪ್ಪನನ್ನು ನೋಡಲು ಮೂಡಿಗೆರೆಗೆ ಹೋದೆ. ಅವತ್ತೇ ಸಂಸೆಗೆ ಹೋಗಬಹುದಿತ್ತು. ಸೋಮವಾರ ಕಂಪನಿಯವರಿಗೆ ಒಂದು ಫೋನ್ ಮಾಡಿದರೆ ಸರಿಯಾಗುವ ವಿಷಯ ಎಂದುಕೊಂಡೆ. ಊಟಕ್ಕೆ ಕೂತಾಗ ಅಪ್ಪನ ಹತ್ತಿರ, ರೈಟರು ಕರಾರನ್ನು ಓದದೆ ಸಹಿ ಮಾಡಿದ್ದನ್ನು ಹೇಳಿದೆ. ಅವರೇ ಓದಬೇಕಿತ್ತಲ್ಲ ಎಂಬ ಧ್ವನಿಯಲ್ಲಿ ಹೇಳಿದೆನೆಂದು ಕಾಣುತ್ತದೆ. ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದ.

"ನನಗೆ ಓದೋಕೆ ಬರ್ತಿರ್ಲಿಲ್ಲ" ಎಂದ. "ಹೆಬ್ಬೆಟ್ಟು ಒತ್ತೋಕೆ ಮೊದ್ಲು ಅವ್ರು ಒಂದೊಂದು ಸಾಲೂ ಓದಿ ಹೇಳೋರು. ಮಳೆ ಬರ್ಲಿ, ಆಳು ಸಾಲು ನಿಂತಿರ್ಲಿ, ಓದ್ದೆ ಒಂದು ದಿನ ಒತ್ತಿಸ್ಕೊಂಡಿಲ್ಲ. ನೀನು ಓದಿ ಹೇಳ್ಲಿಲ್ವಾ?"

  ನಾನು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು ದೂರಿನ ಸಂಖ್ಯೆ ಕೊಟ್ಟಳು. ನಲವತ್ತೆಂಟು ಗಂಟೆಯೊಳಗೆ ಪರಿಶೀಲಿಸುತ್ತೇವೆ ಎಂದಳು. ಅದು ರೋಗಿಯನ್ನು ಆಸ್ಪತ್ರೆಗೆ ಕರೆತರುವ ಕಾರು ಎಂದೆ. ಅದನ್ನೂ ಬರೆದುಕೊಂಡಿದ್ದೇನೆ ಮೇಡಂ ಎಂದಳು. ನಮ್ಮ ಮ್ಯಾನೇಜರು, "ಅದು ನಮ್ಮ ಕೈಯಲ್ಲಿಲ್ಲ, ಬ್ಯಾಟರಿ ಅವರದ್ದು" ಎಂದು ಕೈಚೆಲ್ಲಿದರು. ಆದರೆ ಸಂಸೆಗೆ ಹೋಗಿ ತಿಳಿಸಿ ಬರುತ್ತೇನೆ ಎಂದಾಗ ಬೇಡವೆನ್ನಲಿಲ್ಲ. ಗಿರಾಕಿಗಳಿಗೆ ಓಡಿಸಿ ತೋರಿಸುವ ಡೆಮೊ ಕಾರನ್ನು ಕೊಟ್ಟರು. ಆರರೊಳಗೆ ರೈಟರು ತಮ್ಮ ಕಾರನ್ನು ನೆಟ್‌ವರ್ಕ್ ಸಿಗುವ ಕಳಸದ ತನಕ ತಂದರೆ ಸಾಕು, ಬೊಟ್ಟು ಹಸಿರಾಗುತ್ತಿತ್ತು.

ಹೊರಟದ್ದು ಹನ್ನೆರಡು ದಾಟಿದ ಮೇಲೆ. ವೋಲ್ಟೇಜ್ ಸಾಲದೆ ನಮ್ಮ ಚಾರ್ಜರ್ ಬೆಳಿಗ್ಗೆಯಿಂದ ಕೈಕೊಡುತ್ತಿತ್ತು, ಡೆಮೊ ಕಾರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜ್ ಇತ್ತು. ಅಂಕಿ ಇನ್ನೂರ ನಲವತ್ತು ತೋರಿಸುತ್ತಿತ್ತು. ಹೋಗಿ ಬರಲು ಇನ್ನೂರು. ಗಿರಾಕಿಯೊಬ್ಬರು ಕೇಳಿದ್ದರೆ, ಧಾರಾಳವಾಗಿ ಸಾಕು ಎನ್ನುತ್ತಿದ್ದೆ.

ಮೂಡಿಗೆರೆಯವರೆಗೆ ತೊಂದರೆ ಇರಲಿಲ್ಲ. ಅಲ್ಲಿಂದ ಮುಂದೆ ಮಂಜು ಎಷ್ಟು ದಟ್ಟವಾಯಿತೆಂದರೆ ಗಾಜಿಗೆ ಬಿಸಿಗಾಳಿ ಬಿಡದೆ ರಸ್ತೆ ಕಾಣುತ್ತಿರಲಿಲ್ಲ. ದೀಪ, ವೈಪರ್, ಬಿಸಿಗಾಳಿ, ಏರು, ಎಲ್ಲವೂ ಒಂದೇ ಬ್ಯಾಟರಿಯಿಂದ ಹೀರುತ್ತಿದ್ದವು. ಕೊಟ್ಟಿಗೆಹಾರ ದಾಟುವಾಗ ಅಂಕಿ ನೂರ ಮೂವತ್ತೊಂದು. ದಾರಿ ಹುಡುಕಲು ನಕ್ಷೆ ಹಾಕಿಕೊಳ್ಳುವ ಅಗತ್ಯ ನನಗಿರಲಿಲ್ಲ. ಅಂಕಿ ಕಣ್ಣೆದುರೇ ಇತ್ತು. ಕಾರು ಸದ್ದು ಮಾಡದೆ ಹೋಗುತ್ತಿದ್ದುದರಿಂದ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಆನೆ ಲದ್ದಿ ಬಿದ್ದಿತ್ತು, ಆ ಮಳೆಯಲ್ಲೂ ಇನ್ನೂ ಕರಗಿರಲಿಲ್ಲ. ಪೆಟ್ರೋಲ್ ಗಾಡಿಯಾದರೆ ಅದರ ಸದ್ದಿಗೆ ಅವು ದೂರದಿಂದಲೇ ಸರಿದು ನಿಲ್ಲುತ್ತವೆ ಎನ್ನುತ್ತಾರೆ. ನಾನು ಹಾರ್ನ್ ಹೊಡೆಯುತ್ತಾ ಹೋದೆ.

ಕಳಸದ ರಸ್ತೆಯಲ್ಲಿ ಇನ್ನೂ ಹದಿನೈದು ಕಿಲೋಮೀಟರ್ ಹೋಗುವಷ್ಟರಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಈಚೆ ನಾಲ್ಕು ವಾಹನ, ಆಚೆ ಮೂರು. ಕಡಿಯುವವರು ಇನ್ನೂ ಬಂದಿರಲಿಲ್ಲ. ಸಮಯ ಮೂರು ಗಂಟೆ. ಅಂಕಿ ನೂರ ನಾಲ್ಕು. ಮರ ತೆಗೆದು ನಾನು ಸಂಸೆ ಮುಟ್ಟಿದರೂ ಅಲ್ಲಿ ಕರೆಂಟಿಲ್ಲ, ವಾಪಸ್ ಬರಲು ಚಾರ್ಜ್ ಸಾಲದು ಎಂಬುದು ಆಗಲೇ ಗೊತ್ತಾಗಿತ್ತು. ಆಚೆ ಕಡೆಯಿಂದ ಜೀಪಿನ ಡ್ರೈವರೊಬ್ಬ ಕೊಂಬೆಗಳ ಸಂದಿಯಲ್ಲಿ ನುಸುಳಿ ಈಚೆ ಬಂದ. ಇಲ್ಲಿ ಇಳಿದವರನ್ನು ಕರೆದುಕೊಂಡು ತಿರುಗಿ ಹೋಗುವವನು.

"ಕಳಸ, ಸಂಸೆ ಯಾರಾದ್ರೂ ಇದ್ದೀರಾ?" ಎಂದ. ನನ್ನನ್ನು ನೋಡಿ, "ನೀವು ಬರ್ತೀರಾ ಅಕ್ಕ? ಕಾರು ಇಲ್ಲೇ ಬದಿಗೆ ಹಾಕಿ. ಯಾರೂ ಮುಟ್ಟಲ್ಲ."

ಹೋಗಬಹುದಿತ್ತು. ಒಂದೂವರೆ ಗಂಟೆಯಲ್ಲಿ ರೈಟರ ಮನೆ ಮುಟ್ಟಿ, ಆರಕ್ಕೆ ಮೊದಲೇ ಅವರ ಜೊತೆ ಕಳಸಕ್ಕೆ ಬಂದು, ರಾತ್ರಿ ಅವರಲ್ಲೇ ಉಳಿಯಬಹುದಿತ್ತು. ಶೋರೂಮಿನ ಕಾರನ್ನು ಕಾಡಿನ ರಸ್ತೆಯಲ್ಲಿ ಬಿಟ್ಟು ಹೋದರೆ ನಾಳೆ ಮ್ಯಾನೇಜರಿಗೆ ಏನು ಹೇಳಲಿ ಎಂದು ಯೋಚಿಸಿದೆ. ಮೇಲಿನಿಂದ ಇನ್ನೊಂದು ಮರ ಬೀಳುತ್ತದೇನೋ, ಆನೆ ಬರುತ್ತದೇನೋ ಎಂದೂ. ಸ್ಕ್ರೀನಿನ ಮೇಲೆ ನೂರ ನಾಲ್ಕು ನೂರ ಮೂರಾಯಿತು. ನಾನು ಬಿಲ್ಲಿನ ಹಿಂದೆ ಚೀಟಿ ಬರೆದೆ: "ರೈಟ್ರೇ, ಇವತ್ತು ಸಂಜೆ ಆರರ ಒಳಗೆ ಕಾರನ್ನು ಕಳಸಕ್ಕೆ ತಂದು ಹತ್ತು ನಿಮಿಷ ನಿಲ್ಲಿಸಿ. ಇಲ್ಲದಿದ್ದರೆ ನಾಳೆ ಕಾರು ಹೊರಡುವುದಿಲ್ಲ." ಅವರ ಮನೆ ಎಲ್ಲಿ ಎಂದು ಹೇಳಿ ಜೀಪಿನವನ ಕೈಗೆ ಕೊಟ್ಟೆ. ಅವನು ಜೇಬಿಗಿಟ್ಟುಕೊಂಡು, "ಕೊಡ್ತೀನಿ, ತಲೆಬಿಸಿ ಮಾಡ್ಬೇಡಿ" ಎಂದು ಹೋದ. ನಾನು ಕಾರು ತಿರುಗಿಸಿದೆ.

ಐದೂವರೆಗೆ ಶೋರೂಮಿಗೆ ಬಂದು ಕಂಪ್ಯೂಟರಿನ ಎದುರು ಕೂತೆ. ಬೊಟ್ಟು ಹಳದಿ. ಆರಾಯಿತು. ಹುಡುಗರು ಶಟರ್ ಎಳೆಯಲು ಬಂದರು, ಸ್ವಲ್ಪ ಇರಿ ಎಂದೆ. ಆರೂ ಹತ್ತಕ್ಕೆ ಬೊಟ್ಟು ಕೆಂಪಾಯಿತು. ಅದರಿಂದ ಯಾವ ಸದ್ದೂ ಬರಲಿಲ್ಲ. ಪಟ್ಟಿಯಲ್ಲಿ ಆ ಒಂದು ಸಾಲು ಮಾತ್ರ ಬೇರೆಯಾಗಿ ಕಂಡಿತು.

ಮಂಗಳವಾರ ಒಂಬತ್ತಕ್ಕೇ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಅವರು ಬಂದದ್ದು ಮಧ್ಯಾಹ್ನ ಮೂರರ ಮೇಲೆ, ಬಾಡಿಗೆ ಜೀಪಿನಲ್ಲಿ. ಬೆಳಿಗ್ಗೆ ಆರಕ್ಕೆ ಆಕೆಯನ್ನು ಕೂರಿಸಿ ಗುಂಡಿ ಒತ್ತಿದರೆ ಕಾರು ಕದಲಲಿಲ್ಲ. ಕಂಪನಿಯನ್ನು ಸಂಪರ್ಕಿಸಿ ಎಂದು ಪರದೆ ಹೇಳಿತಂತೆ. ಆ ಮಳೆಯಲ್ಲಿ ರೈಟರು ಜೀಪು ಹುಡುಕಿಕೊಂಡು ನಡೆದೇ ಹೋಗಿದ್ದರು. ಊರಿನ ಜೀಪುಗಳೆಲ್ಲ ಆಳುಗಳನ್ನು ಬಿಡಲು ಹೋಗಿದ್ದರಿಂದ ಸಿಕ್ಕಾಗ ಹತ್ತು ದಾಟಿತ್ತು. ದಾರಿಯಲ್ಲಿ ಒಂದು ಕಡೆ ಮಣ್ಣು ಕುಸಿದು ಒಂದು ಗಂಟೆ ನಿಂತಿದ್ದರು. ಆಕೆಯ ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು. ಉಸಿರು ಎಳೆಯುವಾಗ ಎದೆಯೊಳಗೆ ನೀರು ಕದಡಿದ ಹಾಗೆ ಕೇಳಿಸುತ್ತಿತ್ತು. ಆಕೆಗೆ ಕೊಟ್ಟಿದ್ದ ಸಮಯ ಮುಗಿದು ಯಂತ್ರದಲ್ಲಿ ಬೇರೆಯವರಿದ್ದರು. ನರ್ಸುಗಳು ಆಕೆಯನ್ನು ಕೂಡಲೇ ಒಳಗೆ ಒಯ್ದು ಆಮ್ಲಜನಕ ಹಾಕಿ, ಒಂದು ಯಂತ್ರ ಬಿಡಿಸಿಕೊಡಲು ಓಡಾಡಿದರು.

ರೈಟರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಪ್ಯಾಂಟು ಮೊಣಕಾಲಿನ ತನಕ ಕೆಸರು. 

"ಚೀಟಿ ಬಂತು. ಇವತ್ತು ಬೆಳಿಗ್ಗೆ ಬಂತು. ನಿನ್ನೆ ಜೀಪಿನವ್ನು ಅಂಗಡೀಲಿ ಕೊಟ್ಟು ಹೋಗಿದ್ನಂತೆ."

"ನನ್ನ ತಪ್ಪು ರೈಟ್ರೇ."

"ಮರ ಬಿದ್ದಲ್ಲಿ ತನಕ ಬಂದಿದ್ಯಂತೆ. ಜೀಪಲ್ಲಿ ಬನ್ನಿ ಅಂತ ಕರೆದ್ನಂತೆ. ಯಾಕೆ ಬರ್ಲಿಲ್ಲ ನೀನು?"

"ಕಾರು ಬಿಟ್ಟು ಬರೋಕೆ ಹೆದರಿಕೆ ಆಯ್ತು. ಕಾರಲ್ಲೇ ಬರೋಣ ಅಂದ್ರೆ ಚಾರ್ಜ್ ಸಾಲ್ತಿರ್ಲಿಲ್ಲ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಚಾರ್ಜ್ ಸಾಲ್ತಿರ್ಲಿಲ್ಲ" ಎಂದು ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಕೇಳಿದರು: "ನಿಲ್ಲಿಸ್ತಾರೆ ಅಂತ ಕಾಗದದಲ್ಲಿ ಇತ್ತಾ?"

"ಇತ್ತು."

"ಎಷ್ಟನೇ ಪುಟ?"

"ಇಪ್ಪತ್ತಾರು."

ಅವರು ತಲೆಯಾಡಿಸಿದರು. ಅಷ್ಟು ತಿಳಿದರೆ ಸಾಕಾಗಿತ್ತು ಎಂಬಂತೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಆಕೆ ಬದುಕಿದರು. ಐದು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಮೂರನೆಯ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಕೈ ಹಿಡಿದುಕೊಂಡು, "ಆ ಮಳೇಲಿ ಒಬ್ಬಳೇ ಬಂದಿದ್ಯಂತಲ್ಲ ಮಗಾ" ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬುಧವಾರ ಕಂಪನಿಯವರು ಕಾರನ್ನು ದೂರದಿಂದಲೇ ಬಿಡುಗಡೆ ಮಾಡಿದ್ದರು. ಅದು ಸಂಸೆಯ ಶೆಡ್ಡಿನಲ್ಲಿ ನೆಟ್‌ವರ್ಕಿಲ್ಲದೆ ನಿಂತಿದ್ದರಿಂದ ಆ ಬಿಡುಗಡೆಯೂ ಅದಕ್ಕೆ ತಲುಪಿರಲಿಲ್ಲ. ಕೊನೆಗೆ ನಾನೂ ನಮ್ಮ ಮೆಕ್ಯಾನಿಕ್ಕೂ ಹೋಗಿ, ಟ್ರ್ಯಾಕ್ಟರಿಗೆ ಕಟ್ಟಿ ಲಾರಿಗೆ ಹತ್ತಿಸಿ ಕಳಸದವರೆಗೆ ತಂದೆವು. ಅನಾನುಕೂಲಕ್ಕಾಗಿ ಐನೂರು ಕಿಲೋಮೀಟರ್ ಬಾಡಿಗೆ ಮನ್ನಾ ಎಂದು ರೈಟರಿಗೆ ಸಂದೇಶ ಬಂತು. ಕಾರು ವಾಪಸ್ ಕೊಡುತ್ತೇವೆಂದರೆ ಮೂರು ವರ್ಷ ಆಗಿರಲಿಲ್ಲ. ನಾನು ಆ ಷರತ್ತಿನ ಬಗ್ಗೆ ಕಂಪನಿಗೆ ಆರು ಸಲ ಬರೆದೆ, ಆರು ದೂರಿನ ಸಂಖ್ಯೆಗಳು ಬಂದವು.

ಆ ಮಳೆಗಾಲ ಮುಗಿಯುವ ತನಕ ರೈಟರು ಭಾನುವಾರವೂ ಕಳಸದ ತನಕ ಕಾರು ಓಡಿಸಿಕೊಂಡು ಬರುತ್ತಿದ್ದರು. ಬೊಟ್ಟು ಹಸಿರಾಯಿತಾ ಎಂದು ನನಗೆ ಫೋನ್ ಮಾಡಿ ಕೇಳುವರು. "ಇಷ್ಟು ವರ್ಷ ಆಳುಗಳ ಹಾಜರಿ ತಗೊಂಡೆ" ಎಂದರು ಒಂದು ಸಲ. "ಈಗ ಹಾಜರಿ ಕೊಡೋಕೆ ಹೊರಟಿದ್ದೀನಿ, ಯಾರಿಗೆ ಅಂತ ಗೊತ್ತಿಲ್ಲ." ಹಾಗೆ ಕಾಯುವಾಗ ಅವರ ದನಿಯ ಹಿಂದೆ ಮಳೆ ಕೇಳಿಸುತ್ತಿತ್ತು.

ನಾನು ಈಗಲೂ ಅಲ್ಲೇ ಕೆಲಸದಲ್ಲಿದ್ದೇನೆ. ಇಪ್ಪತ್ತಾರನೆಯ ಪುಟವನ್ನು ಪ್ರತಿಯೊಬ್ಬರಿಗೂ ಜೋರಾಗಿ ಓದುತ್ತೇನೆ. ದಸರೆಗೆ ಬೆಲೆ ಮತ್ತೆ ಇಳಿದಾಗ ನಿಲ್ಲಲು ಜಾಗವಿಲ್ಲದಷ್ಟು ಜನ ಬಂದಿದ್ದರು. ಓದುವಾಗ ಕೆಲವರು ಮೊಬೈಲ್ ನೋಡುತ್ತಾರೆ, ಕೆಲವರು ಆಯ್ತು ಆಯ್ತು ಎನ್ನುತ್ತಾರೆ. ಎದ್ದು ಹೋದವರು ಈವರೆಗೆ ಇಬ್ಬರೇ.

ಕಳೆದ ತಿಂಗಳು ಒಂದು ಕಾಗದಕ್ಕೆ ರೈಟರ ಸಹಿ ಬೇಕಾಗಿ ಸಂಸೆಗೆ ಹೋಗಿದ್ದೆ. ಅದನ್ನು ಪೂರ್ತಿ ಓದಿ ಹೇಳಿದೆ, ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ರಾತ್ರಿ ಅಲ್ಲೇ ಉಳಿದೆ. ಮರುದಿನ ಮಂಗಳವಾರ, ಮಳೆ ಇರಲಿಲ್ಲ, ಟವರೂ ಇತ್ತು. ಬೆಳಿಗ್ಗೆ ಆರಕ್ಕೆ ಆಕೆ ಸ್ವೆಟರ್ ಹಾಕಿ, ಕೈಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ರೈಟರು ಕಾರನ್ನು ಶೆಡ್ಡಿನಿಂದ ತೆಗೆದು ಅಂಗಳಕ್ಕೆ ತಂದು, ಬಾಗಿಲು ತೆರೆದು ಹಿಡಿದರು.

"ಮೊದ್ಲು ಗೇಟಿನ ತನಕ ಹೋಗಿ ಬನ್ನಿ" ಎಂದರು ಆಕೆ.

ರೈಟರು ಬಾಗಿಲು ಹಾಕಿ, ಮತ್ತೆ ಸ್ಟಿಯರಿಂಗಿನ ಹಿಂದೆ ಕೂತರು. ಕಾರು ಗೇಟಿನ ತನಕ ಹೋಗಿ, ತಿರುಗಿ, ಸದ್ದಿಲ್ಲದೆ ಬಂದು ನಿಂತಿತು. ಆಮೇಲೆ ಆಕೆ ಮೆಟ್ಟಿಲಿಳಿದರು.